ನಮ್ಮ ಹುಡುಗಿಯರ ಬಾಸ್ಕೆಟ್‌ಬಾಲ್ ಆಟವೂ ಪಾರಿತೋಷಕದ ಪ್ರಶ್ನೆಯೂ

ಪ್ರತಿವರ್ಷದ ಸ್ನೇಹಸಮ್ಮೇಳನದ ದಿವಸ, ಊಟವಾದ ಮೇಲೆ, ನಮ್ಮ ಶಾಲೆಯ ಬೇವಿನ ಮರದ ನೆರಳಿನಲ್ಲಿ ಹಳೆಯ ವಿದ್ಯಾರ್ಥಿನಿಯರು ಕಲೆತು ಕೂಡ್ರುವದು ವಾಡಿಕೆ. ಅಲ್ಲಿ ನಡೆಯುವ ಮಾತುಕತೆಯನ್ನು ನಾವು ದೂರದಿಂದ ಕೇಳಿ ಸಂತೋಷಪಡುತ್ತೇವೆ. ಈ ವರ್ಷ ಯಾವ ಕಾಲೇಜಿನ ತಂಡವು ಮುಂದೆ ಬಂದೀತು, ಇಂಥ ಕಾಲೇಜಿನಲ್ಲಿ ಆಟ ಕಲಿಸುತ್ತಿದ್ದವರು ಬಿಟ್ಟುಹೋದರಂತೆ, ಅವರ ಸ್ಥಾನಕ್ಕೆ ಬಂದವರು ಹೇಗಿರುವರು, ನಮ್ಮ ಶಾಲೆಯಿಂದ ಹೋದ ಹುಡುಗಿಗೆ ಉತ್ತಮ ಆಟಗಾರ್ತಿಯೆಂಬ ಮನ್ನಣೆಯು ಸಿಕ್ಕೀತೇ, ಎಂಬ ಚರ್ಚೆಯು ಸಂಜೆಯ ಬಸ್ಸಿನ ಹೊತ್ತಿನವರೆಗೆ ನಡೆಯುತ್ತದೆ. ಮೆಣಸಗಿಯಂಥ ಊರಿನಲ್ಲಿ ಗೃಹಿಣಿಯರೂ ಶಿಕ್ಷಕಿಯರೂ ದಾದಿಯರೂ ಆದ ಸ್ತ್ರೀಯರು ಹುಡುಗಿಯರ ಆಟವನ್ನು ಕುರಿತು ಇಷ್ಟು ಆಸ್ಥೆಯಿಂದ ವಾದಿಸುವದು ಸಣ್ಣ ಸಂಗತಿಯಲ್ಲ.

ಈ ಆಸ್ಥೆಯ ಫಲವಾಗಿ, ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರು ಕೂಡಿ ಒಂದು ಸೂಚನೆಯನ್ನು ನಮ್ಮ ಮುಂದೆ ಇಟ್ಟಿದ್ದಾರೆ. ವರ್ಷದಲ್ಲಿ ಎಲ್ಲರಿಗಿಂತ ಹೆಚ್ಚು ಅಂಕ ಗಳಿಸಿದ ಹುಡುಗಿಗೆ ಒಂದು ಬೆಳ್ಳಿಯ ಪಾರಿತೋಷಕವನ್ನು ಕೊಡಬೇಕು, ಅದರ ವೆಚ್ಚವನ್ನು ತಾವೇ ಭರಿಸುವೆವು, ಎಂದು ಅವರ ಮಾತು. ಅವರ ಪ್ರೀತಿಗೆ ನಾವು ಋಣಿಗಳು. ಆದರೂ ಆ ಪಾರಿತೋಷಕವು ಬೇಡವೆಂದೂ, ಅದೇ ಹಣವನ್ನು ಬೇರೊಂದು ಕಾರ್ಯಕ್ಕೆ ಕೊಡಬೇಕೆಂದೂ ನಮ್ಮ ಅಭಿಪ್ರಾಯ. ಬೇಡವೆಂದವರು ಕಾರಣವನ್ನು ಹೇಳಬೇಕು. ಅದಕ್ಕಾಗಿ ಈ ಲೇಖನ.

ಮೊದಲು ಈ ಆಟದ ಹುಟ್ಟನ್ನು ಸ್ಮರಿಸೋಣ. 1891ರ ಡಿಸೆಂಬರದಲ್ಲಿ ಅಮೇರಿಕೆಯ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನ ಕ್ರಿಸ್ತೀಯ ತರುಣರ ತರಬೇತಿ ಶಾಲೆಯಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಶಿಕ್ಷಕನು, ಚಳಿಗಾಲದಲ್ಲಿ ಬೇಸತ್ತ ವಿದ್ಯಾರ್ಥಿಗಳಿಗಾಗಿ, ಹಣ್ಣು ತುಂಬುವ ಎರಡು ಬುಟ್ಟಿಗಳನ್ನು ಕಟ್ಟಿ ಇದನ್ನು ಆರಂಭಿಸಿದನು. ಮರುವರ್ಷವೇ, ಅಂದರೆ 1892ರಲ್ಲಿ, ಸ್ಮಿತ್ ಮಹಿಳಾ ಕಾಲೇಜಿನ ಶಿಕ್ಷಕಿ ಸೆಂಡಾ ಬೆರೆನ್‌ಸನ್ ಇವರು ಅದನ್ನು ತಮ್ಮ ಹುಡುಗಿಯರಿಗೆ ಕಲಿಸತೊಡಗಿದರು. ನಮ್ಮ ದೇಶದಲ್ಲಿ ಹ್ಯಾರಿ ಬಕ್ ಎಂಬವರು 1920ರಲ್ಲಿ ಮದ್ರಾಸಿನಲ್ಲಿ ಸ್ಥಾಪಿಸಿದ ದೈಹಿಕ ಶಿಕ್ಷಣ ಶಾಲೆಯಿಂದ ಕಲಿತುಹೋದ ಶಿಕ್ಷಕರು ಇಂಥ ಆಟಗಳನ್ನು ಊರೂರಿಗೆ ಒಯ್ದರು. ಈ ಆಟವನ್ನು ಹುಟ್ಟಿಸಿದವನೂ ಶಿಕ್ಷಕನು, ಹುಡುಗಿಯರಿಗೆ ತಂದುಕೊಟ್ಟವರೂ ಶಿಕ್ಷಕಿಯು. ಬುಟ್ಟಿಯು ಮೊದಲೇ ಅಲ್ಲಿತ್ತು. ಕಲಿಸುವವರು ಬಂದ ಮೇಲೆ ಅದು ಆಟವಾಯಿತು.

ಸಣ್ಣ ಕಾಲೇಜಿನ ಹುಡುಗಿಯರಿಗೆ ಭವಿಷ್ಯವೇನು ಎಂದು ಬೇವಿನ ಮರದ ಕೆಳಗೆ ಆಗಾಗ ನಿಟ್ಟುಸಿರು ಕೇಳಿಬರುತ್ತದೆ. ಇದಕ್ಕೆ ಅಮೇರಿಕೆಯ ಎರಡು ಉದಾಹರಣೆಗಳನ್ನು ಹೇಳುವೆವು. ಪೆನ್ಸಿಲ್ವೇನಿಯಾ ಪ್ರಾಂತದಲ್ಲಿ ಕನ್ಯಾಸ್ತ್ರೀಯರು ನಡೆಸುತ್ತಿದ್ದ ಇಮ್ಯಾಕ್ಯುಲಾಟಾ ಎಂಬ ಚಿಕ್ಕ ಮಹಿಳಾ ಕಾಲೇಜು ಇತ್ತು. ಅದರ ಆಟದ ಕಟ್ಟಡವು ಬೆಂಕಿಯಲ್ಲಿ ಸುಟ್ಟುಹೋಗಿತ್ತು. ಆಟ ಕಲಿಸಲು 1970ರಲ್ಲಿ ಬಂದ ಕ್ಯಾಥಿ ರಶ್ ಎಂಬ ತರುಣಿಗೆ ವರ್ಷಕ್ಕೆ 450 ಡಾಲರು ಮಾತ್ರ ಸಂಬಳ. ಪ್ರವಾಸದ ಖರ್ಚಿಗಾಗಿ ಹುಡುಗಿಯರು ಹಲ್ಲುಜ್ಜುವ ಕುಂಚಗಳನ್ನು ಮಾರಿದರು. 1972ರಲ್ಲಿ ಮಹಿಳಾ ಕಾಲೇಜುಗಳ ರಾಷ್ಟ್ರೀಯ ಪಂದ್ಯಗಳಿಗೆ ಎಂಟೇ ಜನ ಆಟಗಾರ್ತಿಯರು ಹೋದರು. ಕೆಲವೇ ದಿನಗಳ ಹಿಂದೆ ತಮ್ಮನ್ನು 32 ಅಂಕಗಳಿಂದ ಸೋಲಿಸಿದ್ದ ವೆಸ್ಟ್ ಚೆಸ್ಟರ್ ತಂಡವನ್ನು ಅಂತಿಮ ಪಂದ್ಯದಲ್ಲಿ 52–48ರಿಂದ ಗೆದ್ದು ಬಂದರು. 1973 ಮತ್ತು 1974ರಲ್ಲಿಯೂ ಅವರೇ ಗೆದ್ದರು. ಕ್ಯಾಥಿ ರಶ್ 1977ರಲ್ಲಿ ಬಿಟ್ಟುಹೋದರು. ಅದೇ ಕಾಲಕ್ಕೆ ದೊಡ್ಡ ವಿಶ್ವವಿದ್ಯಾಲಯಗಳು ಹಣವನ್ನೂ ವಿದ್ಯಾರ್ಥಿವೇತನಗಳನ್ನೂ ಸುರಿಯತೊಡಗಿದವು. ಆ ಚಿಕ್ಕ ಕಾಲೇಜು ಮತ್ತೆ ಅಂಥ ಎತ್ತರವನ್ನು ಕಾಣಲಿಲ್ಲ.

ಎರಡನೆಯದು ಇದಕ್ಕಿಂತ ಮನಮುಟ್ಟುವದು. ಮಾರ್ಗರೆಟ್ ವೇಡ್ ಎಂಬವರು 1930ರ ದಶಕದ ಆರಂಭದಲ್ಲಿ ಮಿಸಿಸಿಪಿ ಪ್ರಾಂತದ ಡೆಲ್ಟಾ ಸ್ಟೇಟ್ ಕಾಲೇಜಿನಲ್ಲಿ ಆಡುತ್ತಿದ್ದರು. ಈ ಆಟವು ಹೆಣ್ಣುಮಕ್ಕಳ ದೇಹಕ್ಕೆ ತ್ರಾಸದಾಯಕವೆಂದು ಹೇಳಿ ಕಾಲೇಜಿನವರು ತಂಡವನ್ನೇ ಮುಚ್ಚಿಬಿಟ್ಟರು. ಹುಡುಗಿಯರು ಅತ್ತು, ತಮ್ಮ ಆಟದ ಉಡುಪುಗಳನ್ನು ಸುಟ್ಟುಹಾಕಿದರು. ವೇಡ್ ಇವರು ಮುಂದೆ ಹೈಸ್ಕೂಲಿನ ಹುಡುಗಿಯರಿಗೆ ಆಟ ಕಲಿಸುತ್ತ ಅನೇಕ ವರ್ಷ ಕಳೆದರು. ಸುಮಾರು ನಾಲ್ವತ್ತು ವರ್ಷಗಳ ತರುವಾಯ, 1973ರಲ್ಲಿ, ಅದೇ ಡೆಲ್ಟಾ ಸ್ಟೇಟಿನಲ್ಲಿ ತಂಡವನ್ನು ಪುನಃ ಕಟ್ಟುವ ಕೆಲಸವು ಅವರ ಕೈಗೆ ಬಂತು. 1975, 1976, 1977, ಈ ಮೂರು ವರ್ಷವೂ ರಾಷ್ಟ್ರೀಯ ವಿಜಯವು ಅವರದಾಯಿತು. ಆ ದೇಶದಲ್ಲಿ ಕಾಲೇಜಿನ ಉತ್ತಮ ಆಟಗಾರ್ತಿಗೆ 1978ರಲ್ಲಿ ಒಂದು ಪಾರಿತೋಷಕವನ್ನು ಏರ್ಪಡಿಸಿದಾಗ ಅದಕ್ಕೆ ವೇಡ್ ಇವರ ಹೆಸರನ್ನೇ ಇಟ್ಟರು. ಆಡುವವಳಿಗೆ ಕೊಡುವ ಮನ್ನಣೆಯು ಕಲಿಸಿದವಳ ಹೆಸರನ್ನು ಹೊತ್ತಿರುವದು ನಮಗೆ ಅತ್ಯಂತ ಉಚಿತವಾಗಿ ತೋರುತ್ತದೆ.

ಈಗ ನಮ್ಮ ಮನೆಯ ಸ್ಥಿತಿಗೆ ಬರೋಣ. ಇಲ್ಲಿಂದ ಹೋದ ಐವರು ಹುಡುಗಿಯರು ಒಂದು ಕಾಲೇಜನ್ನು ಸೇರಿದ್ದರು. ಮೊದಲನೆಯ ವರ್ಷ ಅಲ್ಲಿ ಆಟ ಕಲಿಸುವ ಬಾಯಿಯವರೊಬ್ಬರು ಇದ್ದರು. ಅವರ ನೇಮಕವು ವರ್ಷಕ್ಕೆ ಮಾತ್ರ ಆದದ್ದು. ಎರಡನೆಯ ವರ್ಷಕ್ಕೆ ಅವರನ್ನು ಮುಂದುವರಿಸಲಿಲ್ಲ. ಬೇರೆ ಆಟದಲ್ಲಿ ನುರಿತ ಗೃಹಸ್ಥರೊಬ್ಬರು ಅರ್ಧ ವರ್ಷ ಕಳೆದ ಮೇಲೆ ಬಂದರು. ಮೂರನೆಯ ವರ್ಷಕ್ಕೆ ಆ ಐವರಲ್ಲಿ ಮೈದಾನಕ್ಕೆ ಬರುವವಳು ಒಬ್ಬಳೇ ಉಳಿದಳು. ಹುಡುಗಿಯರಿಗೆ ಆಸೆ ಕುಂದಿತೆಂದು ಜನರು ಹೇಳಿದರು. ಆಸೆ ಕುಂದಿರಲಿಲ್ಲ, ಕೈಹಿಡಿದು ನಡೆಸುವವರು ಇಲ್ಲದಾಗಿದ್ದರು.

ಕಲಿಸುವವರು ಬದಲಾದರೆ ಬಾಧಕವೇನೆಂದು ಕೆಲವರು ಕೇಳಬಹುದು. ಚೆಂಡನ್ನು ಬುಟ್ಟಿಗೆ ಎಸೆಯುವದನ್ನು ಹುಡುಗಿಯು ತಾನಾಗಿಯೇ ಕಲಿತಾಳು. ಆದರೆ ಹಾರಿ ಇಳಿಯುವಾಗ ಎರಡೂ ಪಾದಗಳನ್ನು ಊರಿ ಮೊಣಕಾಲನ್ನು ಮಣಿಸುವದು, ಓಡುತ್ತಲೇ ನಿಂತು ಒಂದು ಪಾದದ ಮೇಲೆ ತಿರುಗುವದು, ಎದುರಾಳಿಯನ್ನು ಬೆನ್ನ ಹಿಂದೆ ಇರಿಸಿಕೊಂಡು ಮರಳಿ ಬೀಳುವ ಚೆಂಡನ್ನು ಹಿಡಿಯುವದು, ಇವು ದಿನಾಲು ಒಬ್ಬರ ಕಣ್ಣಿನ ಕೆಳಗೆ ಅಭ್ಯಾಸವಾಗದೆ ಬಾರವು. ಹಾರುವ, ತಿರುಗುವ ಆಟಗಳಲ್ಲಿ ಮೊಣಕಾಲಿನೊಳಗಿನ ಕಟ್ಟು ಹರಿಯುವ ಅಪಾಯವು ಗಂಡುಹುಡುಗರಿಗಿಂತ ಹೆಣ್ಣುಹುಡುಗಿಯರಿಗೆ ಹೆಚ್ಚೆಂದು ವೈದ್ಯಶಾಸ್ತ್ರವು ಕಂಡುಕೊಂಡಿದೆ. ಸರಿಯಾದ ಅಭ್ಯಾಸದಿಂದ ಆ ಅಪಾಯವು ಕಡಿಮೆಯಾಗುವದೆಂಬದೂ ತಿಳಿದ ಸಂಗತಿ. ಆದುದರಿಂದ ಶಿಕ್ಷಕಿಯಿಲ್ಲದ ತಂಡಕ್ಕೆ ಮಗಳನ್ನು ಕಳಿಸುವ ತಾಯಿಯು ಸೋಲುಗೆಲವಿಗಿಂತ ದೊಡ್ಡ ವಿಷಯದಲ್ಲಿ ಅಂಜಬೇಕಾಗುತ್ತದೆ.

ದೇಶದ ತಂಡವನ್ನು ನೋಡಿದರೂ ಪಾಠವು ಒಂದೇ. 2017ರ ಜುಲೈ ತಿಂಗಳಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಭಾರತದ ಸ್ತ್ರೀಯರು ಕಝಾಕಸ್ತಾನವನ್ನು 75–73ರಿಂದ ಸೋಲಿಸಿ, ಏಶಿಯಾ ಕಪ್ಪಿನ ಎರಡನೆಯ ವರ್ಗದಲ್ಲಿ ಪ್ರಥಮ ಸ್ಥಾನವನ್ನು ಪಡೆದು, ಮೇಲಿನ ವರ್ಗಕ್ಕೆ ಏರಿದರು. ಅಂದು ನಮ್ಮ ಹುಡುಗಿಯರು ಕುಣಿದಾಡಿದ್ದು ನೆನಪಿದೆ. ಅದೇ ಬೆಂಗಳೂರಿನಲ್ಲಿ 2019ರಲ್ಲಿ, ಮೇಲಿನ ವರ್ಗದ ಎಂಟು ತಂಡಗಳಲ್ಲಿ ನಮ್ಮದು ಎಂಟನೆಯದಾಯಿತು. ಒಂದು ಬೇಸಿಗೆಯ ಉತ್ಸಾಹದಿಂದ ಮೆಟ್ಟಿಲು ಏರಬಹುದು. ಅಲ್ಲಿ ನಿಲ್ಲುವದಕ್ಕೆ ಶಾಲೆ ಕಾಲೇಜುಗಳಲ್ಲಿ ವರ್ಷಾನುವರ್ಷ ನಡೆಯುವ ಶಿಕ್ಷಣವೇ ಬೇಕು.

ಇನ್ನು ಪಾರಿತೋಷಕದ ವಿಷಯ. ಇಲ್ಲಿ ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ಕೆಲವು ವರ್ಷಗಳ ಹಿಂದೆ ನಾವೇ ಉತ್ಸಾಹದಿಂದ ಉತ್ತಮ ಆಟಗಾರ್ತಿಯೆಂದು ಒಬ್ಬ ಹುಡುಗಿಗೆ ಕಪ್ಪನ್ನು ಕೊಟ್ಟೆವು. ಅಂಕಗಳ ಪಟ್ಟಿಯನ್ನು ನೋಡಿ ಕೊಟ್ಟದ್ದು. ಆ ಹುಡುಗಿಯು ಯೋಗ್ಯಳೇ. ಆದರೆ ಅವಳು ಹಾಕಿದ ಬುಟ್ಟಿಗಳಲ್ಲಿ ಹೆಚ್ಚಿನವು ಇನ್ನೊಬ್ಬಳು ಹಿಡಿದು, ಓಡಿ, ಸಮಯಕ್ಕೆ ಸರಿಯಾಗಿ ಕೈಗಿತ್ತ ಚೆಂಡುಗಳಿಂದ ಆದವು. ಆ ಇನ್ನೊಬ್ಬಳು ಸಮಾರಂಭದಲ್ಲಿ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದಳು. ಮರುವಾರದಿಂದ ಮೈದಾನಕ್ಕೆ ಬರಲಿಲ್ಲ. ಮನೆಯಲ್ಲಿ ಕೆಲಸವಿದೆಯೆಂದಳು. ನಾವು ನಂಬಿದೆವು. ಮದುವೆಯಾಗಿ ಹೋದ ಮೇಲೆ ಒಮ್ಮೆ ಬಂದಾಗ ನಗುತ್ತಲೇ, “ನಾ ಆಡಿದ್ದು ಯಾರಿಗೂ ಕಂಡಿದ್ದಿಲ್ಲ ಬಿಡ್ರಿ ಅಕ್ಕಾರ” ಎಂದಳು. ಆ ಮಾತು ನಮ್ಮ ಎದೆಯಲ್ಲಿ ಇಂದಿಗೂ ಮುಳ್ಳಿನಂತೆ ಇದೆ. ಕಾಣಬೇಕಾದವರು ನಾವು, ನಾವು ಪಟ್ಟಿಯನ್ನು ಕಂಡಿದ್ದೆವು, ಆಟವನ್ನು ಕಂಡಿರಲಿಲ್ಲ.

ಮನ್ನಣೆಗಳೇ ಬೇಡವೆಂದು ನಮ್ಮ ವಾದವಲ್ಲ. ಚಂಗನಾಶ್ಶೇರಿಯ ಅಸಂಪ್ಷನ್ ಮಹಿಳಾ ಕಾಲೇಜಿನಲ್ಲಿ ಕಲಿತ ಗೀತು ಅನ್ನಾ ಜೋಸ್ ಇವರು 2011ರಲ್ಲಿ ಅಮೇರಿಕೆಯ ವೃತ್ತಿತಂಡಗಳ ಪರೀಕ್ಷೆಯವರೆಗೂ ಹೋಗಿ, 2014ರಲ್ಲಿ ಅರ್ಜುನ ಪ್ರಶಸ್ತಿಯನ್ನು ಪಡೆದರು. ಪ್ರಶಾಂತಿ ಸಿಂಗ್ ಇವರಿಗೆ 2019ರಲ್ಲಿಯೂ ಅನಿತಾ ಪಾಲ್ದುರೈ ಇವರಿಗೆ 2021ರಲ್ಲಿಯೂ ಪದ್ಮಶ್ರೀ ಬಂತು. ಇವು ಅನೇಕ ವರ್ಷಗಳ ಪರಿಶ್ರಮವನ್ನು ತೂಗಿ ಕೊಟ್ಟವುಗಳು. ಹದಿನಾಲ್ಕು ಹದಿನೈದು ವಯಸ್ಸಿನ ಮಕ್ಕಳಲ್ಲಿ ಒಬ್ಬಳನ್ನು ಎತ್ತಿ ನಿಲ್ಲಿಸಿ ಉಳಿದವರನ್ನು ಮನೆಗೆ ಕಳಿಸುವದು ಬೇರೆಯ ಮಾತು.

ನಮ್ಮ ವಾದಕ್ಕೆ ಒಂದು ಬಲವಾದ ಆಕ್ಷೇಪಣೆಯಿದೆ; ಅದನ್ನು ಮುಚ್ಚಿಡುವದಿಲ್ಲ. ಮನೆಗೆ ಒಂದು ಕಪ್ಪು ಬಂದರೆ ಅಜ್ಜಂದಿರ ಮನಸ್ಸೂ ಕರಗುತ್ತದೆ, ಮಗಳನ್ನು ಮುಂದಿನ ಆಟಕ್ಕೆ ಕಳಿಸುತ್ತಾರೆ, ಎಂದು ಹಳೆಯ ವಿದ್ಯಾರ್ಥಿನಿಯರು ಹೇಳುತ್ತಾರೆ. ಇದು ನಿಜ. ಆದರೆ ಒಂದು ಕಪ್ಪಿನಿಂದ ಒಂದು ಮನೆ ಮಾತ್ರ ಕರಗೀತು. ತಂಡದಲ್ಲಿ ಹನ್ನೆರಡು ಮನೆಗಳಿವೆ. ಆಡಿದ ಪ್ರತಿಯೊಬ್ಬಳಿಗೂ ಅವಳ ಪಾಲಿನ ಕೆಲಸವನ್ನು ಬರೆದ ಒಂದು ಪ್ರಮಾಣಪತ್ರವನ್ನು ಕೊಟ್ಟರೆ ಹನ್ನೆರಡೂ ಮನೆಗಳ ಗೋಡೆಯ ಮೇಲೆ ಅದು ತೂಗಾಡೀತು. ಗೀತು, ಅನಿತಾ ಇಬ್ಬರಿಗೂ ದಕ್ಷಿಣ ರೇಲ್ವೆಯಲ್ಲಿ ಉದ್ಯೋಗ ದೊರೆತದ್ದು ಆಟದಿಂದಲೇ ಎಂಬದನ್ನೂ ಪಾಲಕರು ಗಮನಿಸಲಿ.

ಪಾಲಕರ ಅಂಜಿಕೆಯನ್ನು ನಾವು ಹಗುರಾಗಿ ಎಣಿಸುವದಿಲ್ಲ. “ಅಕ್ಕಾರ, ಆಟ ಸಾಲ್ಯಾಗ ಇರ್ಲಿ, ಊರೂರು ಅಡ್ಡಾಡೂದು ಬ್ಯಾಡ್ರಿ” ಎಂದು ತಂದೆಯೊಬ್ಬರು ಕೈಮುಗಿದು ಹೇಳಿದ್ದರು. ಗದುಗಿನ ಸುನೀಲ ಜೋಶಿಯವರು ಬಾಲಕರಿದ್ದಾಗ ಬೆಳಗಿನ ಜಾವ ಸುಮಾರು 60 ಕಿಲೋಮೀಟರ ದೂರದ ಹುಬ್ಬಳ್ಳಿಗೆ ಹೋಗಿ, ಕ್ರಿಕೆಟ್ ಅಭ್ಯಾಸ ಮಾಡಿ, ಶಾಲೆಯ ವೇಳೆಗೆ ಮರಳುತ್ತಿದ್ದ ಸಂಗತಿಯನ್ನು ನಮ್ಮ ಜಿಲ್ಲೆಯವರು ಅಭಿಮಾನದಿಂದ ಹೇಳುತ್ತಾರೆ. ಅಂಥ ಮಗನನ್ನು ಹೊಗಳುವ ನಾವು, ಅಷ್ಟೇ ದೂರ ಹೋಗಬಯಸುವ ಮಗಳಿಗೆ ಕಡೆಯ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳುತ್ತೇವೆ. ಕೇಳುವದು ತಪ್ಪಲ್ಲ. ಆದರೆ ಉತ್ತರವನ್ನು ಹುಡುಗಿಯ ಕಡೆಯಿಂದ ಬಯಸದೆ, ಊರವರೂ ಶಾಲೆಯವರೂ ಕೂಡಿ ಒದಗಿಸಬೇಕು.

ಆದುದರಿಂದ ನಮ್ಮ ವಿನಂತಿ ಇಷ್ಟು. ಬೆಳ್ಳಿಯ ಹಣವನ್ನು ಒಂದು ನಿಧಿಯಾಗಿ ಮಾಡಿರಿ. ಅದರಿಂದ ಮೊದಲು, ಆಟ ಕಲಿಸುವ ಒಬ್ಬ ಬಾಯಿಯವರಿಗೆ ಮೂರು ವರ್ಷ ಬಿಡದೆ ಗೌರವಧನ ಸಲ್ಲಲಿ. ಎರಡನೆಯದಾಗಿ, ಸ್ತ್ರೀಯರ ಆಟಕ್ಕೆ ಗೊತ್ತುಪಡಿಸಿದ ಆರನೆಯ ಅಳತೆಯ ಚೆಂಡುಗಳನ್ನು ಕೊಳ್ಳೋಣ. ನಮ್ಮ ಹುಡುಗಿಯರು ಗಂಡಸರ ಏಳನೆಯ ಅಳತೆಯ ಭಾರದ ಚೆಂಡಿನಿಂದ ಕಲಿತು, ಪಂದ್ಯದ ದಿವಸ ಕೈತಪ್ಪುತ್ತಾರೆ. ಮೂರನೆಯದಾಗಿ, ಮೈದಾನ. ನಮ್ಮದು ಎರೆಭೂಮಿ, ಬೇಸಿಗೆಯಲ್ಲಿ ಕಾಲು ಸಿಗುವಷ್ಟು ಬಿರಿಯುತ್ತದೆ, ಮಳೆಗಾಲದಲ್ಲಿ ಕೆಸರಾಗುತ್ತದೆ. ಪಾಲಕರು ಟ್ರ್ಯಾಕ್ಟರಿನಲ್ಲಿ ತಂದು ಹಾಕಿದ್ದ ಗರಸು 2019ರ ಆಗಸ್ಟಿನಲ್ಲಿ ಮಲಪ್ರಭೆಯು ಉಕ್ಕಿದಾಗ ಕೊಚ್ಚಿಹೋಯಿತು. 28 ಮೀಟರ ಉದ್ದ, 15 ಮೀಟರ ಅಗಲದ ಜಾಗಕ್ಕೆ ಪುನಃ ಗರಸು ಬಿದ್ದು ಗಟ್ಟಿಯಾಗಲಿ. ನಾಲ್ಕನೆಯದಾಗಿ, ಪರಸ್ಥಳದ ಪಂದ್ಯಗಳಿಗೆ ಹುಡುಗಿಯರ ಸಂಗಡ ಹೋಗುವ ಒಬ್ಬ ಹಿರಿಯ ಸ್ತ್ರೀಯ ಬಸ್ಸಿನ ಖರ್ಚು.

ಪಾಲಕರಲ್ಲಿ ಇನ್ನೊಂದು ಮಾತು. ಮಗಳನ್ನು ಕಾಲೇಜಿಗೆ ಸೇರಿಸುವಾಗ ಶುಲ್ಕವನ್ನೂ ವಸತಿಯನ್ನೂ ವಿಚಾರಿಸುವಂತೆ ಈ ಮೂರನ್ನೂ ವಿಚಾರಿಸಿರಿ: ಆಟ ಕಲಿಸುವವರು ಇದ್ದಾರೆಯೇ, ಬರುವ ವರ್ಷವೂ ಇರುವರೇ? ಅಭ್ಯಾಸವು ಕಡೆಯ ಬಸ್ಸಿನ ಮುಂಚೆ ಮುಗಿಯುವದೇ? ಹುಡುಗಿಯರಿಗೆ ಬಟ್ಟೆ ಬದಲಿಸಲು ಬಾಗಿಲಿರುವ ಕೋಣೆ ಇದೆಯೇ? ಹತ್ತು ಜನ ಪಾಲಕರು ಕೇಳಿದರೆ ಹನ್ನೊಂದನೆಯವರು ಬರುವಷ್ಟರಲ್ಲಿ ಕಾಲೇಜಿನವರು ಉತ್ತರವನ್ನು ಸಿದ್ಧಪಡಿಸಿಕೊಂಡಿರುವರು.

ಪ್ರಿಯ ಹಳೆಯ ವಿದ್ಯಾರ್ಥಿನಿಯರೇ, ಬರುವ ವರ್ಷ ನೀವು ಪುನಃ ಬೇವಿನ ಮರದ ಕೆಳಗೆ ಕೂಡುವಿರಿ. ವಾದವೂ ನಡೆಯಲಿ, ನಗೆಯೂ ನಡೆಯಲಿ. ಯಾರಿಗೆ ಕಪ್ಪು ಬಂತೆಂದು ಲೆಕ್ಕ ಹಾಕುವ ಮೊದಲು, ಇಲ್ಲಿಂದ ಹೋದವರಲ್ಲಿ ಎಷ್ಟು ಜನ ಇನ್ನೂ ಆಡುತ್ತಿದ್ದಾರೆಂದು ಎಣಿಸಿರಿ. ಆ ಸಂಖ್ಯೆಯು ವರ್ಷಕ್ಕೆ ಒಂದರಂತೆ ಹೆಚ್ಚಿದರೂ ಸಾಕು. ನೀವು ಕೊಟ್ಟ ಬೆಳ್ಳಿಗೆ ಅದಕ್ಕಿಂತ ಹೆಚ್ಚಿನ ಹೊಳಪನ್ನು ನಾವು ಬಯಸುವದಿಲ್ಲ.