ಕರೆಂಟ್ ಕೊಟ್ಟ ಜಾಗದಲ್ಲಿ ಏಳುವ ಬೊಬ್ಬೆ

ರೋಣ, ನರಗುಂದ, ಗಜೇಂದ್ರಗಡದ ಕಡೆ ವಿಕಿರಣ ಚಿಕಿತ್ಸೆಗೆ ಜನರ ಬಾಯಲ್ಲಿರುವ ಹೆಸರು ‘ಕರೆಂಟ್’. ‘ಹುಬ್ಬಳ್ಳ್ಯಾಗ ಕರೆಂಟ್ ಕೊಡಿಸ್ಕೊಂಡು ಬಂದಾರ’ ಎಂದರೆ ಸಾಕು, ಕ್ಯಾನ್ಸರ್ ಎಂದು ಬಿಡಿಸಿ ಹೇಳಬೇಕಿಲ್ಲ. ಹಾಗೆ ಊರಿಗೆ ಮರಳಿದ ಹೆಣ್ಣುಮಗಳ ಎದೆಯ ಮೇಲೆ ಎಷ್ಟೋ ತಿಂಗಳ ನಂತರ ತುರಿಕೆ ಶುರುವಾಗಿ ನೀರುಗುಳ್ಳೆ ಎದ್ದರೆ ಒಬ್ಬರು ಸುಟ್ಟಗಾಯ ಎನ್ನುತ್ತಾರೆ, ಇನ್ನೊಬ್ಬರು ಸರ್ಪಸುತ್ತು ಎಂದು ಕೆಮ್ಮಣ್ಣು ಹಚ್ಚುತ್ತಾರೆ.

ಅದು ಬುಲ್ಲಸ್ ಪೆಂಫಿಗಾಯ್ಡ್ ಕೂಡ ಆಗಿರಬಹುದು.

ಚರ್ಮದ ಮೇಲ್ಪದರವನ್ನು ಕೆಳಪದರಕ್ಕೆ ಹಿಡಿದಿಡುವ ಬಿಪಿ180, ಬಿಪಿ230 ಎಂಬ ಪ್ರೋಟೀನುಗಳ ಮೇಲೆ ದೇಹದ ರೋಗನಿರೋಧಕ ವ್ಯವಸ್ಥೆಯೇ ಎರಗುವ ಕಾಯಿಲೆಯಿದು. ಹಿಡಿತ ತಪ್ಪಿದ ಪದರಗಳ ನಡುವೆ ನೀರು ತುಂಬಿ ಬಿಗಿಯಾದ ಬೊಬ್ಬೆಗಳು ಏಳುತ್ತವೆ. ಸಾಮಾನ್ಯವಾಗಿ 60 ದಾಟಿದವರಿಗೆ ಬರುತ್ತದೆ. ವಿಕಿರಣದಿಂದ ಬರುವುದು ಅಪರೂಪ. ಹಾಗೆ ವರದಿಯಾದವರಲ್ಲಿ ಸ್ತನ ಕ್ಯಾನ್ಸರಿಗೆ ಚಿಕಿತ್ಸೆ ಪಡೆದ ಮಹಿಳೆಯರೇ ಹೆಚ್ಚು. ವಿಕಿರಣದ ಪೆಟ್ಟಿಗೆ ಒಳಗಿನ ಪ್ರೋಟೀನುಗಳು ಬಯಲಾಗಿ, ದೇಹ ಅವನ್ನು ಹೊರಗಿನವೆಂದು ಭ್ರಮಿಸುತ್ತದೆ ಎಂಬುದು ತಜ್ಞರ ಊಹೆ. ಚಿಕಿತ್ಸೆ ನಡೆಯುತ್ತಿರುವಾಗಲೇ ಕಾಣಿಸಬಹುದು, ವರ್ಷಗಳ ಬಳಿಕವೂ ಕಾಣಿಸಬಹುದು.

ಗುರುತು ಹಿಡಿದರೆ ಮದ್ದು ಕಷ್ಟವಲ್ಲ. ಕ್ಲೋಬೆಟಾಸೋಲ್ ಮುಲಾಮು ಇದೆ. ಬ್ರಿಟನ್ ಮತ್ತು ಜರ್ಮನಿಯಲ್ಲಿ ನಡೆದು 2017ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಡಾಕ್ಸಿಸೈಕ್ಲಿನ್ ಗುಳಿಗೆ ಸ್ಟೀರಾಯ್ಡ್ ಗುಳಿಗೆಯಷ್ಟು ಬೇಗ ಬೊಬ್ಬೆ ಅಡಗಿಸಲಿಲ್ಲ, ಆದರೆ ಗಂಭೀರ ಅಡ್ಡಪರಿಣಾಮ ಶೇ 36ರ ಬದಲು ಶೇ 18ರಷ್ಟೇ ಇತ್ತು. ಯಾರಿಗೆ ಯಾವುದೆಂದು ನಿರ್ಧರಿಸಬೇಕಾದವರು ಚರ್ಮವೈದ್ಯರು.

ತೊಡಕಿರುವುದು ಪತ್ತೆಯಲ್ಲಿ. ಬೊಬ್ಬೆಯ ಪಕ್ಕದ ಚರ್ಮದ ಚೂರನ್ನು ಇಮ್ಯುನೊಫ್ಲೋರೆಸೆನ್ಸ್ ಪರೀಕ್ಷೆಗೆ ಕಳಿಸಬೇಕು. ರೂಢಿಯಂತೆ ಫಾರ್ಮಲಿನ್‌ನಲ್ಲಿ ಹಾಕಿದರೆ ಆ ಚೂರು ಪರೀಕ್ಷೆಗೆ ಬಾರದು; ಸಲೈನ್‌ನಲ್ಲಿಟ್ಟರೆ ಒಂದು ದಿನ ತಡೆಯುತ್ತದೆ. ಗಜೇಂದ್ರಗಡದಲ್ಲಿ ಬೆಳಿಗ್ಗೆ ತೆಗೆದ ಚೂರು ಬಸ್ಸಿನಲ್ಲಿ ಬಂದರೂ ಸಂಜೆಯೊಳಗೆ ಹುಬ್ಬಳ್ಳಿ ಮುಟ್ಟುತ್ತದೆ. ರೋಗಿಯನ್ನು ಅಲೆಸುವ ಬದಲು ಚೂರನ್ನು ಕಳಿಸುವ ಏರ್ಪಾಡನ್ನು ಆರೋಗ್ಯ ಇಲಾಖೆ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಾಡಬೇಕು.

ಅದಕ್ಕೂ ಮೊದಲು ಆಗಬೇಕಾದ, ಖರ್ಚಿಲ್ಲದ ಕೆಲಸ ಒಂದಿದೆ. ವಿಕಿರಣ ಮುಗಿಸಿ ಮನೆಗೆ ಕಳಿಸುವಾಗ ಕೊಡುವ ಡಿಸ್ಚಾರ್ಜ್ ಚೀಟಿಯಲ್ಲಿ, ‘ಈ ಜಾಗದಲ್ಲಿ ಮುಂದೆ ಯಾವಾಗ ತುರಿಕೆ, ಬೊಬ್ಬೆ ಬಂದರೂ ಚರ್ಮವೈದ್ಯರಿಗೆ ತೋರಿಸಿ’ ಎಂದು ಕನ್ನಡದಲ್ಲಿ ಬರೆದುಕೊಡಬೇಕು. ಬೊಬ್ಬೆ ಎದ್ದವರು ಬಂದಾಗ ತಾಲ್ಲೂಕು ಆಸ್ಪತ್ರೆಯ ವೈದ್ಯರೂ ಒಮ್ಮೆ ಕೇಳಬೇಕು, ‘ಅಮ್ಮಾ, ಹಿಂದ ಎಂದಾರ ಇಲ್ಲಿ ಕರೆಂಟ್ ಕೊಡ್ಸಿದ್ರೇನು?’