ಮಸುಕಾದ ಚಿತ್ರಕ್ಕೂ ಅಂಕವಿರಲಿ

ಬೋಧನಾಭ್ಯಾಸದ ಎರಡನೇ ವಾರ 7ನೇ ತರಗತಿಗೆ ಪರಾಗಸ್ಪರ್ಶದ ಪಾಠ ಮಾಡಿದೆ. ಅಂತರ್ಜಾಲದಿಂದ ಇಳಿಸಿಕೊಂಡ ಚಿತ್ರವೊಂದನ್ನು ಚಾರ್ಟಿಗೆ ಅಂಟಿಸಿದ್ದೆ. ಹುಳದ ಮೈಮೇಲಿನ ರೋಮಗಳನ್ನೂ ಎಣಿಸಬಹುದಿತ್ತು. “ಟೀಚರ್, ಈ ಹುಳ ನಮ್ಮೂರಲ್ಲಿ ಎಲ್ಲಿರುತ್ತೆ?” ಎಂದು ಒಬ್ಬ ಹುಡುಗಿ ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಅದು ಬಂಬಲ್‌ಬೀ, ನಮ್ಮ ಬಯಲುಸೀಮೆಯ ಹುಳವೇ ಅಲ್ಲ ಎಂದು ಸಂಜೆ ತಿಳಿಯಿತು.

ಮರುದಿನ ಬೆಳಿಗ್ಗೆ ಶಾಲೆಯ ಕಾಂಪೌಂಡ್ ಪಕ್ಕದ ತುಂಬೆ ಗಿಡಗಳ ಮುಂದೆ ಮೊಬೈಲ್ ಹಿಡಿದು ಕುಳಿತೆ. ಮ್ಯಾಕ್ರೋ ಲೆನ್ಸ್ ಇರಲಿಲ್ಲ. ಹೂವಿಗೆ ತೀರಾ ಹತ್ತಿರ ಹಿಡಿದರೆ ಎಲ್ಲವೂ ಮಸುಕು. ಯಾವ ಲೆನ್ಸಿಗೂ ಒಂದು ಮಿತಿಗಿಂತ ಹತ್ತಿರದ ವಸ್ತು ಫೋಕಸ್ ಆಗುವುದಿಲ್ಲ. ಒಂದು ಗೇಣು ಹಿಂದೆ ಸರಿದು ತೆಗೆದು, ಬೇಕಾದ ಭಾಗವನ್ನು ಆಮೇಲೆ ಕತ್ತರಿಸಿಕೊಂಡೆ. ಜೇನಿನ ಹಿಂದೆ ಓಡುವುದನ್ನು ಬಿಟ್ಟು, ಒಂದೇ ಹೂಗೊಂಚಲಿಗೆ ಫೋಕಸ್ ಇಟ್ಟು ಕಾದೆ. ಕೈ ನಡುಗದಂತೆ ಮೊಣಕೈಯನ್ನು ಮಂಡಿಗೆ ಊರಿದೆ. ಬಿಳಿ ಹೂ ಬೆಳ್ಳಗೆ ಕರಗಿಹೋಗದಂತೆ ಬೆಳಕು ತುಸು ತಗ್ಗಿಸಿದೆ. 40 ಚಿತ್ರಗಳಲ್ಲಿ 3 ಉಳಿದವು.

ಅವುಗಳಲ್ಲೊಂದರಲ್ಲಿ ಜೇನ್ನೊಣ ಹೂವಿನ ಕೆಳದಳದ ಮೇಲೆ ಕುಳಿತು ತಲೆಯನ್ನು ಒಳಕ್ಕೆ ತೂರಿಸಿತ್ತು. ರೆಕ್ಕೆ ಮಸುಕು. ತರಗತಿಯಲ್ಲಿ ತೋರಿಸಿದ ಕೂಡಲೇ ಮಕ್ಕಳು “ಇದು ನಮ್ಮ ಕಾಂಪೌಂಡಿನ ತುಂಬೆ!” ಎಂದರು. ಪರಾಗ ಅದರ ಮೈಯಲ್ಲಿ ಎಲ್ಲಿ ಅಂಟೀತು ಎಂದು ಕೇಳಿದೆ. ಹೆಚ್ಚಿನವರು ಕಾಲಿಗೆ ಎಂದರು. ಹೊರಗೆ ಹೋಗಿ ಹೂ ಬಿಡಿಸಿ ನೋಡಿದರೆ, ಕೇಸರಗಳು ಮೇಲಿನ ಟೋಪಿಯಂಥ ದಳದ ಅಡಿಯಲ್ಲಿದ್ದವು. “ಹಾಗಾದರೆ ತಲೆಗೆ, ಬೆನ್ನಿಗೆ ಅಂಟುತ್ತೆ” ಎಂದು ಅವರೇ ತಿದ್ದಿಕೊಂಡರು.

ವೀಕ್ಷಣಾ ಪುಸ್ತಕದಲ್ಲಿ ಮಾತ್ರ “ಬೋಧನೋಪಕರಣ ಸ್ಪಷ್ಟವಾಗಿಲ್ಲ” ಎಂಬ ಷರಾ ಬಿತ್ತು. ಹಿಂದಿನ ದಿನದ ಚಾರ್ಟಿಗೆ ಪೂರ್ಣ ಅಂಕ ಬಂದಿತ್ತು.

ಷರಾದಲ್ಲಿ ಹುರುಳಿಲ್ಲವೆಂದು ನಾನು ಹೇಳುವುದಿಲ್ಲ. ಕೊನೆಯ ಬೆಂಚಿಗೆ ಕಾಣದ ಚಿತ್ರದಿಂದ ಪ್ರಯೋಜನವಿಲ್ಲ. ಕೀಟದ ಕಾಲಿನ ರಚನೆ ಕಲಿಸಲು ಸ್ಪಷ್ಟ ಚಿತ್ರವೇ ಬೇಕು. ಆದರೆ ಹೂವಿಗೂ ಹುಳಕ್ಕೂ ಇರುವ ಸಂಬಂಧ ಕಲಿಸುವಾಗ, ಮಗು ಎದ್ದುಹೋಗಿ ನೋಡಬಲ್ಲ ಹೂವೇ ಮುಖ್ಯ. ಗೇಣು ದೂರದಿಂದ ತೆಗೆದ ಚಿತ್ರದಲ್ಲಿ ಹುಳ ಚಿಕ್ಕದಾಗಿರಬಹುದು. ಗಿಡವೂ ಗೋಡೆಯೂ ಅದರಲ್ಲಿರುತ್ತವೆ.

ಆದ್ದರಿಂದ ಮಾರ್ಗದರ್ಶಕ ಉಪನ್ಯಾಸಕರಲ್ಲಿ ಒಂದು ವಿನಂತಿ: ಮೌಲ್ಯಮಾಪನ ನಮೂನೆಯಲ್ಲಿ ‘ಸ್ಪಷ್ಟತೆ’ಯ ಪಕ್ಕದಲ್ಲಿ ‘ಸ್ಥಳೀಯತೆ’ಗೂ ಒಂದು ಕಾಲಂ ಇರಲಿ. ಸಹ ಪ್ರಶಿಕ್ಷಣಾರ್ಥಿಗಳೇ, ಮುಂದಿನ ಪಾಠದ ದಿನ ಅರ್ಧ ಗಂಟೆ ಮೊದಲೇ ಶಾಲೆಗೆ ಹೋಗಿ. ಬೆಳಗಿನ ತಂಪಿನಲ್ಲಿ ಹುಳಗಳ ಚುರುಕು ಕಡಿಮೆ. ನಮ್ಮ ಮೊಬೈಲಿಗೂ ಸಿಗುತ್ತವೆ.