ಹಗುರ ಟ್ರಿಗರ್‌ನ ವಕೀಲರಿಗೆ

ಕಳೆದ ಸಂಚಿಕೆಯಲ್ಲಿ ನಾನು ಹೇಳಿದ್ದು ಸಣ್ಣ ಮಾತು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಮಕ್ಕಳು ಶೂಟಿಂಗ್ ಕ್ರೀಡೆಗೆ ಧಾರಾಳವಾಗಿ ಬರಲಿ. ಆದರೆ ಏರ್ ರೈಫಲ್ ಕೈಗೆ ಬಂದ ಮರುದಿನವೇ ಅದರ ಟ್ರಿಗರ್ ಬಿಚ್ಚಿ ಬೇರೆಯದನ್ನು ಕೂರಿಸುವ ಚಪಲ ಬೇಡ ಎಂದಿದ್ದೆ. ಇದಕ್ಕೆ ಬಂದ ಪತ್ರಗಳಲ್ಲಿ ಹೊಗಳಿಕೆಗಿಂತ ಜಗಳವೇ ಹೆಚ್ಚು. ಸಂತೋಷ. ಜಗಳಕ್ಕೆ ಬಂದವರ ವಾದಗಳನ್ನು ಸೋಸಿದರೆ ಆರು ಉಳಿಯುತ್ತವೆ. ಒಂದೊಂದಾಗಿ ಉತ್ತರಿಸುತ್ತೇನೆ.

ಒಂದು: "ಅಮೆರಿಕದಲ್ಲಿ ಸೆಮಿ ಆಟೋಮ್ಯಾಟಿಕ್ ರೈಫಲ್ಲಿಗೆ ಅರ್ಧ ಗಂಟೆಯಲ್ಲಿ ಹೊಸ ಟ್ರಿಗರ್ ಹಾಕುತ್ತಾರೆ. ನಮಗೇಕೆ ಬೇಡ?"

ಅಲ್ಲಿ ಹಾಕುತ್ತಾರೆ, ನಿಜ. ಎಆರ್-15 ಮಾದರಿಯ ರೈಫಲ್ಲುಗಳಲ್ಲಿ ಟ್ರಿಗರ್ ಕೂರುವ ಜಾಗ, ಪಿನ್ನುಗಳ ಅಳತೆ ಬಹುಮಟ್ಟಿಗೆ ಒಂದೇ. ಹಾಗಾಗಿ ಟಿಮ್ನಿ, ಗೈಸಲಿಯಂಥ ಕಂಪನಿಗಳು ಆ ಅಳತೆಗೇ ಸಿದ್ಧ ಟ್ರಿಗರ್ ಮಾಡಿ ಮಾರುತ್ತವೆ. ಒಂದು ಹಂತದ್ದು ಬೇಕೋ ಎರಡು ಹಂತದ್ದೋ, ಎಷ್ಟು ಭಾರದ್ದು ಬೇಕು ಎಂಬುದೇ ಅಲ್ಲಿನವರ ಚರ್ಚೆ.

ನಮ್ಮಲ್ಲಿ ಆ ಚರ್ಚೆಗೆ ಬುಡವೇ ಇಲ್ಲ. ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಸೆಮಿ ಆಟೋಮ್ಯಾಟಿಕ್ ರೈಫಲ್ ನಿರ್ಬಂಧಿತ ವರ್ಗದ್ದು. ಜಿಲ್ಲಾಧಿಕಾರಿ ಕಚೇರಿಯಲ್ಲಿ ಅರ್ಜಿ ಹಾಕಿ ತರುವ ಸಾಮಾನ್ಯ ಪರವಾನಗಿಗೆ ಅದು ಸಿಗುವುದಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಮು ಸಾಮಾನ್ಯ ನಾಗರಿಕನಿಗೆ ತೆರೆದಿಟ್ಟಿರುವ ಬಾಗಿಲುಗಳು ಬೇರೆ. ಬೆಳೆ ಕಾಯಲು ಕೇಪಿನ ಕೋವಿ, ರಕ್ಷಣೆಗೋ ಕ್ರೀಡೆಗೋ ಇಪ್ಪತ್ತು ಇಂಚಿಗೆ ಕಡಿಮೆಯಿಲ್ಲದ ನಯ ನಳಿಗೆಯ ಕೋವಿ, ಮಾನ್ಯತೆ ಪಡೆದ ರೈಫಲ್ ಕ್ಲಬ್ಬಿನ ಸದಸ್ಯನಾದರೆ ಗುರಿ ಅಭ್ಯಾಸಕ್ಕೆ ಪಾಯಿಂಟ್ ಟೂ ಟೂ ರೈಫಲ್ ಅಥವಾ ಏರ್ ರೈಫಲ್. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿ ತುಮಕೂರು ಜಿಲ್ಲೆಗೆ ಬರುವುದಿಲ್ಲ. ಇನ್ನು ಬಂದೂಕನ್ನು ದುರಸ್ತಿ ಮಾಡುವುದಕ್ಕೂ ಮಾರ್ಪಡಿಸುವ ಕಸುಬಿಗೂ ಅದೇ ಕಾಯ್ದೆಯ 5ನೇ ಕಲಮಿನಡಿ ಪ್ರತ್ಯೇಕ ಪರವಾನಗಿ ಬೇಕು.

ಹೀಗಾಗಿ ನಮ್ಮ ಊರಿನ ಮಟ್ಟಿಗೆ ಟ್ರಿಗರ್ ಚರ್ಚೆ ಎಂದರೆ ಏರ್ ರೈಫಲ್ ಟ್ರಿಗರ್ ಚರ್ಚೆ. 4.5 ಮಿಲಿಮೀಟರ್ ನಳಿಗೆಯ, 20 ಜೂಲ್ ಒಳಗಿನ ಶಕ್ತಿಯ ಏರ್ ಗನ್ನಿಗೆ ಪರವಾನಗಿ ಬೇಡ. ಅದರಾಚೆಗೆ ಹೋದರೆ ಬೇಕು. ಅಮೆರಿಕದವರ ವಿಡಿಯೋಗಳಲ್ಲಿ ಕಂಡದ್ದನ್ನು ಏರ್ ಗನ್ನಿನ ಮೇಲೆ ಪ್ರಯೋಗಿಸಿದರೆ ಪಿನ್ನಿನ ಅಳತೆಯೂ ಕೂಡಿಬರುವುದಿಲ್ಲ, ಒಳಗಿನ ರಚನೆಯೂ ಹೊಂದುವುದಿಲ್ಲ.

ಎರಡು: "ಟ್ರಿಗರ್ ಹಗುರವಾದಷ್ಟೂ ಗುರಿ ನಿಖರ."

ಈ ವಾದದಲ್ಲಿ ಅರ್ಧ ಸತ್ಯವಿದೆ. ಅಂಗಡಿಯಲ್ಲಿ ಸಿಗುವ ಅಗ್ಗದ ಏರ್ ಗನ್ನಿನ ಟ್ರಿಗರ್ ಎರಡು ಕಿಲೋ ಆಚೀಚೆ ಎಳೆತ ಕೇಳುತ್ತದೆ. ಅದೂ ಮರಳು ಸಿಕ್ಕಿಕೊಂಡ ಹಾಗೆ ಕರಕರ ಎನ್ನುತ್ತಾ ಬರುತ್ತದೆ. ಅದು ಕೆಟ್ಟ ಟ್ರಿಗರ್ ಎನ್ನುವುದರಲ್ಲಿ ನನ್ನ ತಕರಾರಿಲ್ಲ. ಆದರೆ ಅದು ಕೆಟ್ಟದ್ದಾಗಿರುವುದು ಬರೀ ಭಾರದಿಂದಲ್ಲ.

ಟ್ರಿಗರ್ ಒಳಗೆ ನಡೆಯುವುದು ಇಷ್ಟು: ಎರಡು ಉಕ್ಕಿನ ಅಂಚುಗಳು ಒಂದನ್ನೊಂದು ತಡೆದು ನಿಂತಿರುತ್ತವೆ. ಆ ಹಿಡಿತದ ತುಂಡಿಗೆ ಸಿಯರ್ ಎನ್ನುತ್ತಾರೆ. ಬೆರಳು ಎಳೆದಂತೆ ಅಂಚು ಜಾರಿ ಹಿಡಿತ ತಪ್ಪುತ್ತದೆ, ಗುಂಡು ಹೊರಡುತ್ತದೆ. ಎರಡು ಹಂತದ ಟ್ರಿಗರ್‌ನಲ್ಲಿ ಮೊದಲು ಹಗುರವಾದ ಎಳೆತ, ಆಮೇಲೆ ಬೆರಳಿಗೆ ಸ್ಪಷ್ಟವಾಗಿ ತಾಗುವ ಒಂದು ತಡೆ, ಅದನ್ನು ದಾಟಿದೊಡನೆ ಬಿಡುಗಡೆ. ಒಳ್ಳೆಯ ಟ್ರಿಗರ್‌ನಲ್ಲಿ ಆ ತಡೆ ಪ್ರತಿ ಸಲವೂ ಅದೇ ಜಾಗದಲ್ಲಿ, ಅದೇ ಭಾರದಲ್ಲಿ ಸಿಗಬೇಕು. ತಡೆಯಿಂದ ಬಿಡುಗಡೆಯವರೆಗೆ ಬೆರಳು ತೆವಳಬಾರದು. ಬಿಟ್ಟ ಮೇಲೆ ಟ್ರಿಗರ್ ಹಿಂದಕ್ಕೆ ಹೊಡೆದು ರೈಫಲ್ಲನ್ನು ಅಲುಗಿಸಬಾರದು. ಇವು ಕೂಡಿದರೆ ಅರ್ಧ ಕಿಲೋ ಟ್ರಿಗರ್ ಕೂಡ ಸೊಗಸು. ಇವಿಲ್ಲದ ನೂರು ಗ್ರಾಂ ಟ್ರಿಗರ್ ಅಪಾಯ.

ಹತ್ತು ಮೀಟರ್ ಏರ್ ರೈಫಲ್ ಗುರಿಹಲಗೆಯ ಹತ್ತರ ಚುಕ್ಕೆ ಅರ್ಧ ಮಿಲಿಮೀಟರ್ ಅಗಲದ್ದು. ಅದರ ಮೇಲೆ ನೋಟ ನಿಲ್ಲಿಸಲು ಇನ್ನೂ ಬಾರದ ಹುಡುಗನಿಗೆ ತೀರಾ ಹಗುರ ಟ್ರಿಗರ್ ಕೊಟ್ಟರೆ ಅವನು ಗುಂಡು ಬಿಡುವುದಿಲ್ಲ, ಗುಂಡೇ ಅವನನ್ನು ಬಿಟ್ಟು ಹೋಗುತ್ತದೆ. ಕುಡುಗೋಲು ಎಷ್ಟೇ ಹರಿತವಿರಲಿ, ಯಾವ ಗೊನೆ ಬಲಿತಿದೆ ಎಂಬುದನ್ನು ಕಾಯಿ ಕೆಡವುವವನ ಕಣ್ಣೇ ಹೇಳಬೇಕು.

ಮೂರು: "ಹಾಗಾದರೆ ಚಾಂಪಿಯನ್ನರು ದುಬಾರಿ ಟ್ರಿಗರ್ ಹಿಂದೆ ಯಾಕೆ ಬೀಳುತ್ತಾರೆ?"

ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪನವರನ್ನೇ ತೆಗೆದುಕೊಳ್ಳಿ. 2013ರಲ್ಲಿ ಚಾಂಗ್‌ವಾನ್ ವಿಶ್ವಕಪ್‌ನಲ್ಲಿ 10 ಮೀಟರ್ ಏರ್ ಪಿಸ್ತೂಲಿಗೆ ಕಂಚು, 2014ರಲ್ಲಿ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 50 ಮೀಟರ್ ಪಿಸ್ತೂಲಿಗೆ ಬೆಳ್ಳಿ. ಅಂತಾರಾಷ್ಟ್ರೀಯ ನಿಯಮದಂತೆ ಏರ್ ಪಿಸ್ತೂಲಿನ ಟ್ರಿಗರ್ 500 ಗ್ರಾಂಗೆ ಕಡಿಮೆ ಇರಕೂಡದು. ಪಂದ್ಯದಲ್ಲಿ ನಳಿಗೆಯನ್ನು ನೆಟ್ಟಗೆ ಮೇಲಕ್ಕೆ ಹಿಡಿದು, ಟ್ರಿಗರ್‌ಗೆ ತೂಕದ ಕಲ್ಲು ನೇತುಹಾಕಿ ಪರೀಕ್ಷಿಸುತ್ತಾರೆ. 50 ಮೀಟರ್ ಪಿಸ್ತೂಲಿಗೆ ಕನಿಷ್ಠ ಭಾರದ ನಿಯಮವೇ ಇಲ್ಲ. ಒಬ್ಬರೇ ಆಟಗಾರ, ಒಂದಕ್ಕೊಂದು ಸಂಬಂಧವಿಲ್ಲದ ಎರಡು ಟ್ರಿಗರ್ ನಿಯಮ, ಎರಡರಲ್ಲೂ ಪದಕ. ಹಗುರತನವೇ ಪದಕದ ಗುಟ್ಟಾಗಿದ್ದರೆ ಇದು ಹೇಗೆ ಸಾಧ್ಯ?

ಇನ್ನು ಮೇಲುಮಟ್ಟದ ಸಲಕರಣೆ ಕೈಕೊಡುವುದಿಲ್ಲ ಎಂಬ ನಂಬಿಕೆ. ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಅವರ ಪಿಸ್ತೂಲು ಅರ್ಹತಾ ಸುತ್ತಿನ ನಡುವೆಯೇ ಕೆಟ್ಟಿತು. ಸರಿಪಡಿಸಿಕೊಳ್ಳುವಷ್ಟರಲ್ಲಿ ಅಮೂಲ್ಯ ನಿಮಿಷಗಳು ಹೋದವು. 575 ಅಂಕದೊಡನೆ 12ನೆಯವರಾಗಿ, ಎರಡೇ ಅಂಕದಿಂದ ಫೈನಲ್ ತಪ್ಪಿಸಿಕೊಂಡರು. 2024ರಲ್ಲಿ ಪ್ಯಾರಿಸ್‌ನಲ್ಲಿ ಅವರೇ ಎರಡು ಕಂಚು ಗೆದ್ದರು. ಚಾಂಪಿಯನ್ನರು ಒಳ್ಳೆಯ ಟ್ರಿಗರ್ ಕೊಳ್ಳುತ್ತಾರೆ, ಸರಿ. ಆದರೆ ಕೊಳ್ಳುವುದು ಕೈ ಪಳಗಿದ ಮೇಲೆ, ಪಳಗಿಸಿಕೊಳ್ಳುವ ಬದಲಿಗಲ್ಲ.

ನಾಲ್ಕು: "ಹೊರಗಿನದ್ದು ಬೇಡ ಎಂದರೆ ಬೇಡ. ನಮ್ಮ ಲೇತ್ ಅಂಗಡಿಯವರು ಸಿಯರ್ ಉಜ್ಜಿ ನಯ ಮಾಡಿಕೊಡುತ್ತಾರೆ."

ನಮ್ಮ ಊರಿನ ಲೇತ್ ಅಂಗಡಿಯವರ ಕೈಚಳಕದ ಬಗ್ಗೆ ನನಗೆ ಗೌರವವಿದೆ. ಕಾಯಿ ಸುಲಿಯುವ ಯಂತ್ರದಿಂದ ಹಿಡಿದು ಬೋರ್‌ವೆಲ್ ಪಂಪಿನವರೆಗೆ ಅವರು ಮಾಡದ ಕೆಲಸವಿಲ್ಲ. ಆದರೆ ಸಿಯರ್ ಅಂಚಿನ ಗಡಸುತನ ಅನೇಕ ಏರ್ ಗನ್ನುಗಳಲ್ಲಿ ಮೇಲ್ಪದರಕ್ಕಷ್ಟೇ ಸೀಮಿತ. ಉಜ್ಜಿದರೆ ಆ ಪದರ ಹೋಗಿ ಮೆತ್ತನೆಯ ಲೋಹ ಮೇಲೆ ಬರುತ್ತದೆ. ಮೊದಲ ವಾರ ಬೆಣ್ಣೆಯಂತಿದ್ದ ಟ್ರಿಗರ್ ಆಮೇಲೆ ಸವೆಯುತ್ತಾ ಹೋಗಿ, ಒಂದು ದಿನ ಬೆರಳು ಮುಟ್ಟದೆಯೇ ಹಾರುತ್ತದೆ. ಕೋನ ಕೂದಲೆಳೆಯಷ್ಟು ತಪ್ಪಿದರೂ ಅದೇ ಗತಿ.

ಕಾರ್ಖಾನೆಗಳೇ ಇಲ್ಲಿ ಎಡವಿದ್ದುಂಟು. ಅಮೆರಿಕದ ರೆಮಿಂಗ್ಟನ್ ಕಂಪನಿ 2014ರ ಏಪ್ರಿಲ್‌ನಲ್ಲಿ ತನ್ನ ಎಕ್ಸ್-ಮಾರ್ಕ್ ಪ್ರೊ ಟ್ರಿಗರ್ ಇದ್ದ ರೈಫಲ್ಲುಗಳನ್ನು ಹಿಂದಕ್ಕೆ ಕರೆಸಿತು. 2006ರಿಂದ 2014ರವರೆಗೆ ತಯಾರಾದವು ಅವು. ಜೋಡಣೆಯ ವೇಳೆ ಅಂಟು ಹೆಚ್ಚಾಗಿ ಬಿದ್ದಿದ್ದರೆ ಕೆಲವು ಸಂದರ್ಭಗಳಲ್ಲಿ ತಾನಾಗಿಯೇ ಗುಂಡು ಹಾರಬಹುದು ಎಂಬುದು ಕಾರಣ. ಅಳತೆಯ ಉಪಕರಣ, ಪರೀಕ್ಷಾ ವಿಭಾಗ ಎಲ್ಲ ಇದ್ದ ಕಂಪನಿಯಲ್ಲಿ ಒಂದು ಹನಿ ಅಂಟು ಇಷ್ಟು ಮಾಡಿತು. ನಮ್ಮ ಅರದ ಮೇಲೆ ಎಷ್ಟು ಭರವಸೆ ಇಡೋಣ?

ನಳಿಗೆ ಬಾಗಿಸಿ ಸ್ಪ್ರಿಂಗ್ ಒತ್ತುವ ಏರ್ ಗನ್ನಿನಲ್ಲಂತೂ ಅಪಾಯ ಇಮ್ಮಡಿ. ನಳಿಗೆ ಬಾಗಿ, ಬೆರಳಿನಿಂದ ಪೆಲೆಟ್ ತುರುಕುತ್ತಿರುವಾಗ ಸಿಯರ್ ಜಾರಿದರೆ ನಳಿಗೆ ರಪ್ಪನೆ ಮೇಲೆದ್ದು ಬೆರಳನ್ನು ಜಜ್ಜಿಬಿಡುತ್ತದೆ. ಗುಂಡು ತಗಲುವುದಲ್ಲ, ಬಂದೂಕೇ ತಗಲುತ್ತದೆ.

ಐದು: "ಕ್ರೀಡೆಯ ಮಾತು ಬಿಡಿ. ತೋಟದಲ್ಲಿ ಕೋತಿ ಕಾಟ. ಅದಕ್ಕೆ ಚುರುಕು ಟ್ರಿಗರ್ ಬೇಕು."

ಕೋತಿ ಕಾಟ ಸುಳ್ಳಲ್ಲ. ಎಳನೀರು ಕಿತ್ತು ಎರಡು ಗುಟುಕು ಕುಡಿದು ಎಸೆಯುವುದನ್ನು, ಹರಳು ಉದುರಿಸುವುದನ್ನು ನೋಡುತ್ತಾ ನಿಂತ ರೈತನ ಸಿಟ್ಟು ನ್ಯಾಯವಾದದ್ದೇ. ಆದರೆ ಈ ಪತ್ರ ಬರೆದವರು ಮೂರು ಸಂಗತಿ ಮರೆತಿದ್ದಾರೆ.

ಮೊದಲನೆಯದು ಕಾನೂನು. ನಮ್ಮ ತೋಟಗಳಿಗೆ ಬರುವ ಸಾಮಾನ್ಯ ಕೋತಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿದೆ. ಆ ಪಟ್ಟಿಯ ಪ್ರಾಣಿಯ ಬೇಟೆಗೆ ಮೂರರಿಂದ ಏಳು ವರ್ಷ ಸೆರೆವಾಸ. ಗಾಯ ಮಾಡುವುದೂ, ಕೊಲ್ಲಲು ಯತ್ನಿಸುವುದೂ ಕಾಯ್ದೆಯ ಕಣ್ಣಿನಲ್ಲಿ ಬೇಟೆಯೇ. ಏರ್ ಗನ್ನಿಗೆ ಪರವಾನಗಿ ಬೇಡ ಎಂದ ಮಾತ್ರಕ್ಕೆ ಅದರಿಂದ ಏನು ಬೇಕಾದರೂ ಮಾಡಬಹುದೆಂದಲ್ಲ.

ಎರಡನೆಯದು ಲೆಕ್ಕ. ಅರ್ಧ ಗ್ರಾಂ ತೂಕದ ಪೆಲೆಟ್ ಸೆಕೆಂಡಿಗೆ 170 ಮೀಟರ್ ವೇಗದಲ್ಲಿ ಹೋದರೆ ಅದರ ಶಕ್ತಿ ಏಳೂ ಚಿಲ್ಲರೆ ಜೂಲ್. ಪಂದ್ಯದ ಏರ್ ರೈಫಲ್ ಕಾಗದ ತೂತು ಮಾಡುವುದಕ್ಕೆ ಹುಟ್ಟಿದ್ದು. ಅದರ ಪೆಟ್ಟು ತಿಂದ ಕೋತಿ ಸಾಯುವುದಿಲ್ಲ, ಕೀವಾಗಿ ನರಳುತ್ತದೆ. ಹಿಂಡು ನಾಲ್ಕು ದಿನ ಬಿಟ್ಟು ಮತ್ತೆ ಬರುತ್ತದೆ. ಟ್ರಿಗರ್ ಬದಲಿಸಿದರೆ ಈ ಲೆಕ್ಕದಲ್ಲಿ ಒಂದು ಅಂಕಿಯೂ ಕದಲುವುದಿಲ್ಲ.

ಮೂರನೆಯದು ಮನುಷ್ಯರು. ತೆಂಗಿನ ತೋಟದಲ್ಲಿ ಗುರಿ ಮೇಲಕ್ಕೆ. ತಪ್ಪಿದ ಪೆಲೆಟ್ಟಿಗೆ ಹಿಂದೆ ಗೋಡೆಯಿಲ್ಲ, ಮಣ್ಣಿನ ದಿಬ್ಬವಿಲ್ಲ. ಪಕ್ಕದ ತೋಟದಲ್ಲಿ ಮರದ ನೆತ್ತಿಯಲ್ಲಿ ಕಾಯಿ ಕೆಡವುತ್ತಿರುವವನ ಕಣ್ಣಿಗೆ ತಾಗಿದರೆ ಏಳು ಜೂಲೇ ಸಾಕು. ಅಂಥ ಜಾಗದಲ್ಲಿ ಮುಟ್ಟಿದರೆ ಹಾರುವ ಟ್ರಿಗರ್ ಬೇಕು ಎನ್ನುವವರ ಕೈಗೆ ಕವಣೆಯನ್ನೂ ಕೊಡಲು ನನಗೆ ಧೈರ್ಯವಿಲ್ಲ.

ಆರು: "ನಿಮ್ಮ ಮಾತು ದುಡ್ಡಿದ್ದವರಿಗೆ. ಬಡವನಿಗೆ ಟ್ರಿಗರ್ ಬದಲಿಸುವುದೇ ದಾರಿ."

ಇದು ಆರರಲ್ಲಿ ಗಟ್ಟಿಯಾದ ವಾದ, ಹಾಗಾಗಿ ಕೊನೆಗೆ ಇಟ್ಟುಕೊಂಡೆ. ಹೊರದೇಶದ ಪಂದ್ಯದ ಏರ್ ರೈಫಲ್ಲಿಗೆ ಎರಡು ಲಕ್ಷ ಎಂದಿಟ್ಟುಕೊಳ್ಳಿ. ಉಂಡೆ ಕೊಬ್ಬರಿಗೆ 2025ರ ಹಂಗಾಮಿನ ಬೆಂಬಲ ಬೆಲೆ ಕ್ವಿಂಟಲಿಗೆ 12,100 ರೂಪಾಯಿ. ಅಂದರೆ ಹದಿನಾರೂವರೆ ಕ್ವಿಂಟಲ್ ಕೊಬ್ಬರಿ. ಎಷ್ಟೋ ಮನೆಗಳ ಅಟ್ಟದಲ್ಲಿ ಅಷ್ಟು ಸರಕೇ ಇರುವುದಿಲ್ಲ. ಇದನ್ನು ನಾನು ಒಪ್ಪುತ್ತೇನೆ.

ಆದರೆ ಅದಕ್ಕೆ ಪರಿಹಾರ ಅಗ್ಗದ ಬಂದೂಕಿಗೆ ದುಬಾರಿ ಟ್ರಿಗರ್ ಅಲ್ಲ. ಸ್ಪ್ರಿಂಗ್ ಏರ್ ಗನ್ ಗುಂಡು ಬಿಡುವಾಗ ಹಿಂದಕ್ಕೂ ಮುಂದಕ್ಕೂ ಕುಲುಕುತ್ತದೆ. ಪೆಲೆಟ್ ಇನ್ನೂ ನಳಿಗೆಯೊಳಗೆ ಇರುವಾಗಲೇ ಆ ಕುಲುಕು ಶುರು. ಯಾವ ಟ್ರಿಗರ್ ಹಾಕಿದರೂ ಅದು ನಿಲ್ಲುವುದಿಲ್ಲ. ಪಂದ್ಯದ ರೈಫಲ್ಲಿನಲ್ಲಿ ನಳಿಗೆ, ಗಾಳಿಯ ವ್ಯವಸ್ಥೆ, ನೋಟದ ಸಾಧನ, ಟ್ರಿಗರ್ ಎಲ್ಲ ಒಂದಕ್ಕೊಂದು ಹೊಂದಿಕೊಂಡೇ ಬರುತ್ತವೆ. ಟ್ರಿಗರ್ ಹೊಂದಿಸುವ ಸ್ಕ್ರೂಗಳೂ ಅದರಲ್ಲೇ ಇರುತ್ತವೆ. ಬಿಡಿಭಾಗಕ್ಕೆ ಸುರಿಯುವ ಹಣವನ್ನು ಕೂಡಿಸಿ ಎಂಟು ಹತ್ತು ಮನೆಯವರು ಸೇರಿ ಒಂದು ಬಳಸಿದ ಪಂದ್ಯದ ರೈಫಲ್ ಕೊಳ್ಳಬಹುದು. ಹತ್ತು ಮೀಟರ್ ರೇಂಜಿಗೆ ಬೇಕಾದದ್ದು ಉದ್ದನೆಯ ಒಂದು ಕೋಣೆ, ನೆಲದಿಂದ 1.4 ಮೀಟರ್ ಎತ್ತರದಲ್ಲಿ ಗುರಿ, ಹಿಂದೆ ಗಟ್ಟಿ ಗೋಡೆ, ಪೆಲೆಟ್ ಹಿಡಿಯುವ ಪೆಟ್ಟಿಗೆ. ತಿಪಟೂರಿನಲ್ಲಿ ಅಷ್ಟುದ್ದದ ಕೊಬ್ಬರಿ ಗೋದಾಮಿಗೆ ಬರವೇ?

ಇದು ಬರೀ ಕನಸಲ್ಲ ಎನ್ನಲು ಬೆಳಗಾವಿಯ ಪಕ್ಕದ ಕೊಲ್ಹಾಪುರ ಜಿಲ್ಲೆಯನ್ನು ನೋಡಿ. ಕಬ್ಬು ಬೆಳೆಯುವ ಆ ನೆಲದಿಂದ ತೇಜಸ್ವಿನಿ ಸಾವಂತ್ 2010ರಲ್ಲಿ 50 ಮೀಟರ್ ಪ್ರೋನ್‌ನಲ್ಲಿ ವಿಶ್ವ ಚಾಂಪಿಯನ್ ಆದರು. ಕಂಬಳವಾಡಿ ಎಂಬ ಹಳ್ಳಿಯ ಸ್ವಪ್ನಿಲ್ ಕುಸಾಳೆ 2024ರಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 50 ಮೀಟರ್ ತ್ರೀ ಪೊಸಿಷನ್‌ಗೆ ಕಂಚು ತಂದರು. ಕಬ್ಬಿನ ನಾಡಿನಲ್ಲಿ ಆದದ್ದು ಕಲ್ಪತರು ನಾಡಿನಲ್ಲಿ ಆಗಕೂಡದೆಂದೇನಿಲ್ಲ.

ಇಷ್ಟಾದ ಮೇಲೆ

ನನ್ನ ಸಲಹೆಯ ಕ್ರಮ ಹಾಗೇ ನಿಲ್ಲುತ್ತದೆ. ಮೊದಲು ನಿಲುವು, ಉಸಿರು, ಬೆರಳಿನ ಎಳೆತ. ಗುಂಡು ಹೋದ ಮೇಲೂ ಕ್ಷಣಕಾಲ ಅಲುಗದೆ ನಿಲ್ಲುವ ಅಭ್ಯಾಸ. ಪಂದ್ಯದ ರೈಫಲ್ಲಾದರೆ ಖಾಲಿ ಟ್ರಿಗರ್ ಅಭ್ಯಾಸಕ್ಕೆ ಅದರಲ್ಲೇ ವ್ಯವಸ್ಥೆ ಇರುತ್ತದೆ. ಸ್ಪ್ರಿಂಗ್ ಏರ್ ಗನ್ನನ್ನು ಮಾತ್ರ ಪೆಲೆಟ್ ಇಲ್ಲದೆ ಹಾರಿಸಬೇಡಿ, ಒಳಭಾಗ ಹಾಳಾಗುತ್ತದೆ. ಆಮೇಲೆ ಕೈಪಿಡಿ ಓದಿ, ತಯಾರಕರೇ ಕೊಟ್ಟ ಸ್ಕ್ರೂಗಳಿಂದ ಟ್ರಿಗರ್ ಹೊಂದಿಸಿಕೊಳ್ಳಿ. ಆಮೇಲೆ ಸಾಧ್ಯವಾದರೆ ರೈಫಲ್ಲನ್ನೇ ಬದಲಿಸಿ. ಹೊಸ ಟ್ರಿಗರ್ ಎಂಬುದು ಇದಕ್ಕೂ ಆಚೆ. ಆ ರೈಫಲ್ಲಿಗೆಂದೇ ತಯಾರಕರು ಮಾಡಿದ್ದಾಗಿರಬೇಕು, ತಿಳಿದವರೇ ಕೂರಿಸಬೇಕು.

ಇನ್ನೂ ಒಪ್ಪದವರಿಗೆ ಒಂದು ವಿನಂತಿ. ಮುಂದಿನ ಪತ್ರದ ಜೊತೆ ಎರಡು ಗುರಿಹಾಳೆ ಕಳಿಸಿ. ಒಂದು, ಇದ್ದ ಟ್ರಿಗರ್‌ನಲ್ಲೇ ಮೂರು ತಿಂಗಳು ಅಭ್ಯಾಸ ಮಾಡಿದ ಮೇಲೆ ಹೊಡೆದದ್ದು. ಇನ್ನೊಂದು, ಅಭ್ಯಾಸವಿಲ್ಲದೆ ಹೊಸ ಟ್ರಿಗರ್‌ನಲ್ಲಿ ಹೊಡೆದದ್ದು. ಎರಡನೆಯದರಲ್ಲಿ ಅಂಕ ಹೆಚ್ಚಿದ್ದರೆ ಈ ಲೇಖನವನ್ನು ಇದೇ ಪತ್ರಿಕೆಯಲ್ಲಿ ಹಿಂತೆಗೆದುಕೊಳ್ಳುತ್ತೇನೆ.